ಇಲ್ಲೇ ಎಲ್ಲೋ ಇರಬೇಕು

ತಪ್ಪು ನನ್ನದೇ. ಇದನ್ನು ಮೊದಲೇ ಹೇಳಿಬಿಟ್ಟರೆ ನನಗೂ ಹಗುರ, ಯಾರ ಮೇಲೆ ಸಿಟ್ಟಾಗಬೇಕೆಂಬ ಗೊಂದಲ ನಿಮಗೂ ಇಲ್ಲ. ಇಪ್ಪತ್ತೆಂಟು ವರ್ಷ ಒಂದೇ ಕಚೇರಿಯಲ್ಲಿ, ಒಂದೇ ಕುರ್ಚಿಯಲ್ಲಿ ಕೂತು ಬೇಡಿಕೆ ಪತ್ರದ ಕೆಲಸ ಮಾಡಿದವಳು ನಾನು, ಶಿವಲೀಲಾ. ಯಾವ ಇಲಾಖೆಗೆ ಎಂಥ ಸಾಫ್ಟ್‌ವೇರ್ ಬೇಕು, ಅದು ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಅವರ ಬಾಯಿಂದಲೇ ಹೊರಡಿಸಿ, ಬಿಡಿಸಿ ಬರೆದು, ಕೆಳಗೆ ಅವರ ಸಹಿ ಹಾಕಿಸುವುದು ನನ್ನ ಕೆಲಸ. ಊರಿನವರು ನಮ್ಮನ್ನು ‘ಕೇಳೋರು’ ಅನ್ನುತ್ತಾರೆ. ಪ್ರಶ್ನೆ ಹಾಕುವುದೂ ಕೇಳುವುದೇ, ಕಿವಿಗೊಡುವುದೂ ಕೇಳುವುದೇ. ಎರಡೂ ಬರದವರು ಈ ಕೆಲಸಕ್ಕೆ ಬರಬಾರದು.

ನಮ್ಮ ಕಚೇರಿ ಇರುವುದು ನೆಲಮಹಡಿಯಲ್ಲಿ. ಮೇಲಿನ ಮಹಡಿಗೆ ಮೆಟ್ಟಿಲಿಲ್ಲ. ಹಿಂದಿನ ಕಿಟಕಿಯ ಹೊರಗೆ ಒಂದು ಹಗ್ಗ, ಹಗ್ಗದ ತುದಿಗೆ ಬೆತ್ತದ ಬುಟ್ಟಿ. ಸಂಜೆ ಐದಕ್ಕೆ ಸಹಿಯಾದ ಪತ್ರಗಳನ್ನು ಬುಟ್ಟಿಯಲ್ಲಿಟ್ಟರೆ ಅದು ಮೇಲೆ ಹೋಗುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆಯುವಾಗ ಖಾಲಿ ಬುಟ್ಟಿ ಕೆಳಗಿರುತ್ತದೆ, ಬರೆದದ್ದು ನಡೆಯುತ್ತಿರುತ್ತದೆ. ಮೇಲಿನವರನ್ನು ಯಾರೂ ಕಂಡಿಲ್ಲ. ಅವರು ಬರೆದದ್ದನ್ನು ಬರೆದ ಹಾಗೆ ಮಾಡುತ್ತಾರೆ, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಅನುಮಾನ ಬಂದರೆ ತಿರುಗಿ ಕೇಳುವ ಅಭ್ಯಾಸ ಅವರಿಗಿರಲಿಲ್ಲ. ಮೇಲಿನಿಂದ ಒಂದು ಚೀಟಿ ಕೆಳಗೆ ಬಂದದ್ದನ್ನು ನಾನಾಗಲಿ, ನನಗೆ ಕೆಲಸ ಕಲಿಸಿದ ಓಬಳಯ್ಯ ಸರ್ ಆಗಲಿ ಅಲ್ಲಿಯವರೆಗೆ ನೋಡಿರಲಿಲ್ಲ.

ನೀರಿನ ಇಲಾಖೆಯ ಕಥೆ ಊರಿಗೆಲ್ಲ ಗೊತ್ತು. ನನಗಿಂತ ಹಿಂದಿನ ಕೇಳೋರೊಬ್ಬರು ‘ಪ್ರತಿ ಮನೆಗೂ ಬೆಳಿಗ್ಗೆ ಆರಕ್ಕೆ ನೀರು ಬರುತ್ತದೆ’ ಎಂದು ಬರೆದರು. ನಲ್ಲಿಯಲ್ಲಿ ಎಂದು ಬರೆಯಲಿಲ್ಲ, ಪುಣ್ಯಾತ್ಮರು. ಬಂತು, ಮನೆಗೇ ಬಂತು, ಹೊಸಿಲು ದಾಟಿ ನಡುಮನೆಗೆ. ತಿದ್ದುಪಡಿಗೆ ಎಲ್ಲರ ಸಹಿಯಾಗುವಷ್ಟರಲ್ಲಿ ಮೂರು ತಿಂಗಳು ಕಳೆಯಿತು. ಅಷ್ಟು ದಿನವೂ ಜನ ಐದೂಮುಕ್ಕಾಲಿಗೇ ಎದ್ದು, ಹಾಸಿಗೆಯನ್ನು ಅಟ್ಟಕ್ಕೆ ಸಾಗಿಸಿ, ಸೀರೆ ಪಂಚೆ ಎತ್ತಿ ಕಟ್ಟಿಕೊಂಡು ಕಾಯುತ್ತಿದ್ದರು. ಈಗಲೂ ನಮ್ಮೂರಿನ ಹಳೆಯ ಮನೆಗಳಲ್ಲಿ ಒಲೆ ಎದೆಮಟ್ಟಕ್ಕಿದೆ. ಬಸ್ಸೂ ಅಷ್ಟೇ, ಸಮಯಕ್ಕೆ ಸರಿಯಾಗಿ ಹೊರಡುತ್ತದೆ. ಡ್ರೈವರ್ ಹತ್ತಿದ್ದಾನೋ ಇಲ್ಲವೋ ಅದಕ್ಕೆ ಬೇಕಿಲ್ಲ.

ಹಾಗಾಗಿ ನಮ್ಮ ಕೆಲಸಕ್ಕೆ ಮರ್ಯಾದೆಯೂ ಇದೆ, ಭಯವೂ ಇದೆ. ಮದುವೆ ಮನೆಯಲ್ಲಿ ನಾನು ಊಟಕ್ಕೆ ಕೂತರೆ ಅಕ್ಕಪಕ್ಕದವರು ಮಾತು ನಿಲ್ಲಿಸಿ ಎಲೆ ನೋಡುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ನಾಲ್ಕು ವರ್ಷ ನಮಗೆ ಪೆನ್ನು ಕೊಡುವುದಿಲ್ಲ, ಬರೀ ಕೂತು ಕೇಳಬೇಕು. ಐದನೇ ವರ್ಷ ಓಬಳಯ್ಯ ಸರ್ ನನ್ನನ್ನು ಕರೆದು, “ಲೀಲಾ, ನಂಗೊಂದು ಲೋಟ ನೀರು ಬೇಕು” ಅಂದರು. ನಾನು ಎದ್ದು ಓಡಲಿಲ್ಲ. “ಕುಡಿಯೋಕಾ ಸರ್, ಕೈ ತೊಳೆಯೋಕಾ?” ಅಂದೆ. ಅವತ್ತೇ ಪೆನ್ನು ಕೊಟ್ಟರು. ಕೊಡುವಾಗ ಒಂದು ಮಾತು ಹೇಳಿದರು: “ಏನು ಬೇಕಾದ್ರೂ ಬರಿ, ‘ಇರಬೇಕು’ ಅಂತ ಮಾತ್ರ ಬರೀಬೇಡ. ಡಬ್ಬೀಲಿ ಸಕ್ಕರೆ ಇರಬೇಕು ಅಂದ್ರೆ ಅದು ಅಪ್ಪಣೆಯೋ ಅಂದಾಜೋ? ನಮ್ಮ ಬಾಯಲ್ಲಿ ಎರಡೂ ಒಂದೇ. ಮೇಲಿನೋರಿಗೆ ಅಂದಾಜು ಅನ್ನೋದೇ ಗೊತ್ತಿಲ್ಲ.”

ಇಪ್ಪತ್ತೊಂದು ವರ್ಷ ಆ ಮಾತನ್ನು ನನ್ನ ಕೈಕೆಳಗಿನವರಿಗೆಲ್ಲ ಹೇಳಿಕೊಂಡು ಬಂದೆ. ಆಮೇಲೆ ನಾನೇ ಬರೆದೆ.

ದೊಡ್ಡಾಸ್ಪತ್ರೆಯವರಿಗೆ ಒಂದು ಸಾಫ್ಟ್‌ವೇರ್ ಬೇಕಾಗಿತ್ತು. ಅಲ್ಲಿ ಆರು ವಾರ್ಡು, ಉದ್ದುದ್ದ ವರಾಂಡ. ರೋಗಿಗಳು ಎಕ್ಸ್‌ರೇಗೆ, ಬಿಸಿಲಿಗೆ, ಟೀಗೆ ಅಂತ ಎದ್ದು ಹೋಗುತ್ತಾರೆ, ನೋಡಲು ಬಂದವರು ಹುಡುಕಿ ಸುಸ್ತಾಗುತ್ತಾರೆ. ಯಾರು ಎಲ್ಲಿದ್ದಾರೆ ಎಂದು ಪರದೆಯ ಮೇಲೆ ತೋರಿಸಿದರೆ ಸಾಕು ಎನ್ನುವುದು ಅವರ ಬೇಡಿಕೆ. ಈಗ ಹೇಗೆ ಹುಡುಕುತ್ತೀರಿ ಎಂದು ತಿಳಿಯಲು ಮೂರನೇ ವಾರ್ಡಿನ ಸಿಸ್ಟರ್ ಜಸಿಂತಾ ಹತ್ತಿರ ಹೋದೆ. ಖಾಲಿಯಿದ್ದ ಹದಿನೇಳನೇ ಮಂಚ ತೋರಿಸಿ, “ಇವರು ಎಲ್ಲಿ ಸಿಸ್ಟರ್?” ಅಂದೆ. ಆಕೆ ಇಂಜೆಕ್ಷನ್ ತುಂಬಿಸಿಕೊಳ್ಳುತ್ತ, ತಲೆ ಎತ್ತದೆ, “ರುದ್ರಮುನಿಯವರಾ? ಇಲ್ಲೇ ಎಲ್ಲೋ ಇರಬೇಕು ಮೇಡಂ” ಅಂದರು. ಅಷ್ಟರಲ್ಲಿ ಬಾಗಿಲ ಹೊರಗೆ ಯಾರೋ ಎರಡು ಸಲ ಗಂಟಲು ಸರಿಮಾಡಿಕೊಂಡರು. ಹವಾಯಿ ಚಪ್ಪಲಿ ಪಟ್ ಪಟ್ ಅನ್ನಿಸುತ್ತ, ಕೃಶವಾದ ಉದ್ದನೆಯ ಒಬ್ಬರು ಒಳಗೆ ಬಂದು ಮಂಚದ ಮೇಲೆ ಕೂತರು. ಸೈಕಲ್ ಶಾಪಿನ ರುದ್ರಮುನಿ. ನನ್ನನ್ನು ನೋಡಿ ನಕ್ಕರು ಕೂಡ.

ಸಿಸ್ಟರ್ ಆಡಿದ ಮಾತು ನನಗೆ ತುಂಬ ಹಿಡಿಸಿತು. ಆಸ್ಪತ್ರೆಯ ಪಾಡೆಲ್ಲ ಆ ಒಂದು ಮಾತಿನಲ್ಲಿತ್ತು. ಪತ್ರದ ಮೊದಲ ಪುಟದಲ್ಲಿ ‘ಈಗಿನ ಸ್ಥಿತಿ’ ಎಂಬ ತಲೆಬರಹದ ಕೆಳಗೆ ಉದಾಹರಣೆಯಾಗಿ ಹಾಕಿದೆ: ಹದಿನೇಳನೇ ಮಂಚದ ರುದ್ರಮುನಿಯವರು ಇಲ್ಲೇ ಎಲ್ಲೋ ಇರಬೇಕು. ‘ಎಂದು ಸಿಸ್ಟರ್ ಹೇಳುತ್ತಾರೆ’ ಎಂದು ಸೇರಿಸಿದ್ದರೆ ಮುಗಿದಿತ್ತು. ಸೇರಿಸಲಿಲ್ಲ. ವಾಕ್ಯ ಚೆಂದವಾಗಿತ್ತು, ಉದ್ದವಾಗಿ ಕೆಡುತ್ತದೆ ಅನ್ನಿಸಿತು. ನೋಡಿ, ಇಷ್ಟು ವರ್ಷದ ಅನುಭವ ಒಂದು ಚೆಂದದ ವಾಕ್ಯದ ಮುಂದೆ ಹೇಗೆ ಮಂಗನಾಗುತ್ತದೆ ಅಂತ. ಶುಕ್ರವಾರ ಸಂಜೆ ಪತ್ರ ಮೇಲೆ ಹೋಯಿತು.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ರುದ್ರಮುನಿ ತೀರಿಕೊಂಡರು. ಡಾಕ್ಟರು ನೋಡಿ ಬರೆದುಕೊಟ್ಟರು, ಸಿಸ್ಟರ್ ತಲೆಯವರೆಗೂ ಹೊದಿಸಿದರು. ಹೆಂಡತಿ ನೀಲಮ್ಮ ಮೈದುನನಿಗೆ ಫೋನ್ ಮಾಡಲು ವರಾಂಡಕ್ಕೆ ಹೋದವರು ವಾಪಸು ಬಂದು ನೋಡಿದರೆ ಹೊದಿಕೆ ಮಂಚಕ್ಕೆ ಸಪಾಟಾಗಿ ಅಂಟಿಕೊಂಡಿತ್ತು. ಕೆಳಗೆ ಚಪ್ಪಲಿಯೂ ಇರಲಿಲ್ಲ. ಎಲ್ಲರೂ ಕಕ್ಕಾಬಿಕ್ಕಿಯಾಗಿ ನಿಂತಿದ್ದಾಗ ಪಕ್ಕದ ವಾರ್ಡಿನಿಂದ ಎರಡು ಸಲ ಗಂಟಲು ಸರಿಮಾಡಿಕೊಂಡ ಸದ್ದು ಬಂತು.

ನನಗೆ ಕರೆ ಬಂದದ್ದು ಒಂಬತ್ತು ದಿನದ ಮೇಲೆ. “ಬಂದು ನಿಮ್ಮ ಪರದೆ ಒಂಚೂರು ನೋಡ್ಕೊಂಡು ಹೋಗಿ ಮೇಡಂ” ಅಂದರು ಸಿಸ್ಟರ್. ಹೋಗಿ ನೋಡಿದೆ. ಎಲ್ಲರ ಹೆಸರಿನ ಮುಂದೆಯೂ ಸರಿಯಾದ ಜಾಗವಿತ್ತು, ಎಕ್ಸ್‌ರೇ ಕೋಣೆ, ಎರಡನೇ ವಾರ್ಡು, ಕ್ಯಾಂಟೀನು. ಹದಿನೇಳನೆಯದರ ಮುಂದೆ ಮಾತ್ರ ‘ಇಲ್ಲೇ ಎಲ್ಲೋ’ ಎಂದಿತ್ತು. ಯಾರ ಕೈಬರಹದ ಫಲ ಅದು ಎಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ.

ಇಡೀ ಆಸ್ಪತ್ರೆ ಸುತ್ತಿದೆ. ಮೂರನೇ ವಾರ್ಡಿನಲ್ಲಿದ್ದರೆ ಸದ್ದು ನಾಲ್ಕನೆಯದರಲ್ಲಿ. ನಾಲ್ಕಕ್ಕೆ ಹೋದರೆ ಅಲ್ಲಿನ ರೋಗಿಗಳು ಐದರ ಕಡೆ ಕೈ ತೋರಿಸುತ್ತಿದ್ದರು. “ಈಗ್ತಾನೆ ಇದ್ರಲ್ಲ ಮೇಡಂ, ಕುರ್ಚಿ ಮುಟ್ಟಿ ನೋಡಿ.” ಮುಟ್ಟಿದೆ, ಬೆಚ್ಚಗಿತ್ತು. ಜನ ಎಷ್ಟು ಬೇಗ ಹೊಂದಿಕೊಳ್ಳುತ್ತಾರೆ ಅಂತೀರಿ! ಹದಿನಾರನೇ ಮಂಚದ ಅಜ್ಜ ದಿನಾ ಎರಡು ಟೀ ತರಿಸಿ ಒಂದನ್ನು ಕಿಟಕಿಯ ಮೇಲಿಡುತ್ತಿದ್ದ, ಮುಖ ಆ ಕಡೆ ತಿರುಗಿಸಿ ಈ ಕಡೆ ತಿರುಗಿಸುವಷ್ಟರಲ್ಲಿ ಲೋಟ ಬರಿದು. ಆಯಾ ನೆಲ ಒರೆಸುವಾಗ ಒಂದು ಜೊತೆ ಹೆಜ್ಜೆಗಷ್ಟು ಜಾಗ ಬಿಟ್ಟು ಒರೆಸುತ್ತಿದ್ದಳು. ಇದೆಲ್ಲದರ ನಡುವೆ ನೀಲಮ್ಮ ಒಬ್ಬರೇ ಹೊಂದಿಕೊಳ್ಳದೆ, ಕಾಲು ಬಾತುಕೊಂಡಿದ್ದರೂ, ವಾರ್ಡಿನಿಂದ ವಾರ್ಡಿಗೆ ನಡೆಯುತ್ತಲೇ ಇದ್ದರು.

ವರಾಂಡದ ಬೆಂಚಿನ ಮೇಲೆ ಅವರನ್ನು ಕೂರಿಸಿದೆ. “ಮಣ್ಣು ಮಾಡೋಣ ಅಂದ್ರೆ ಹೆಣ ಇಲ್ಲ. ಮಾತಾಡ್ಸೋಣ ಅಂದ್ರೆ ಗಂಡ ಇಲ್ಲ. ನಾನು ಅಳ್ಬೇಕೋ ಬೇಡ್ವೋ, ಅದನ್ನಾದ್ರೂ ಹೇಳಿ ಮೇಡಮ್ಮಾರೆ” ಅಂದರು. ನನಗೆ ತಡೆಯಲಾಗಲಿಲ್ಲ. ಬರೆದದ್ದು ನಾನು ಎಂದು ಹೇಳಿಬಿಟ್ಟೆ. ಬೈಯಲಿ, ಹೊಡೆಯಲಿ ಎಂದು ತಲೆ ತಗ್ಗಿಸಿ ಕೂತೆ. ನೀಲಮ್ಮ ನನ್ನ ಕಡೆ ತಿರುಗಿದರು. “ಮೂವತ್ತೆಂಟು ವರ್ಷ ನಾನೂ ಅದನ್ನೇ ಹೇಳಿದ್ದು. ಶಾಪಿಗೆ ಯಾರಾದ್ರೂ ಹುಡುಕ್ಕೊಂಡು ಬಂದ್ರೆ, ಇಲ್ಲೇ ಎಲ್ಲೋ ಇರ್ಬೇಕು ನೋಡ್ರಪ್ಪಾ ಅಂತ. ಚಪ್ಪಲಿ ಮೆಟ್ಕೊಂಡು ಹೊರಟ್ರೆ ಆಯ್ತು, ಒಂದಿನ ಹೇಳಿ ಹೋದೋರಲ್ಲ” ಅಂದರು. ಆಮೇಲೆ ಕಣ್ಣು ಒರೆಸಿಕೊಂಡು, “ನೀವು ಬರೆದಿದ್ದನ್ನ ನೀವೇ ಸರಿ ಮಾಡಿ” ಅಂದರು.

ಆ ವಾಕ್ಯವನ್ನು ಹೊಡೆದುಹಾಕಿದರೆ ಆಯಿತಲ್ಲ ಎಂದು ಓಬಳಯ್ಯ ಸರ್ ಹತ್ತಿರ ಹೋದೆ. ಅವರು ಬೇಡವೇ ಬೇಡ ಅಂದರು. “ಹಿಂದೊಂದು ಸಲ ರೇಷನ್ ಪಟ್ಟೀಲಿ ಒಂದು ಹೆಸರು ಎರಡು ಸಲ ಬಂದಿದೆ ಅಂತ ಹೊಡೆದುಹಾಕಿದ್ವಿ. ಎರಡೂ ಹೋಯ್ತು. ಮಾರನೇ ದಿನ ಆ ಮನೆಯಾಕೆ ಗೂಟದ ಮೇಲಿದ್ದ ಶರ್ಟು ಹಿಡ್ಕೊಂಡು ಬೀದೀಲಿ ನಿಂತು, ಇದು ಯಾರದು ಅಂತ ಕೇಳ್ತಿದ್ಲು. ನಮಗೂ ಯಾರದು ಅಂತ ನೆನಪಿರ್ಲಿಲ್ಲ. ಹೊಡೆದುಹಾಕ್ಬೇಡ ಲೀಲಾ. ಮುಂದೇನಾಗುತ್ತೆ ಅಂತ ಬರಿ, ಅವರ ಹೆಂಡ್ತಿ ಬಾಯಿಂದಾನೇ ಬರಿಸು.”

ಮಾರನೇ ದಿನ ಕಾಗದ ಹಿಡಿದು ಅದೇ ಬೆಂಚಿನ ಮೇಲೆ ಕೂತೆ. ಏನು ಬೇಕು ನೀಲಕ್ಕ ಎಂದು ಕೇಳಿದೆ.

“ಅವ್ರು ಬೇಕು.”

ಪೆನ್ನು ಕೆಳಗಿಟ್ಟೆ. ಹೇಗೆ ಬೇಕು, ಎಲ್ಲಿ ಬೇಕು, ಎಷ್ಟು ಹೊತ್ತು ಬೇಕು ಎಂದು ಒಂದೊಂದಾಗಿ ಕೇಳಬೇಕಾಯಿತು. ಗಂಡ ಸತ್ತ ಹೆಂಗಸನ್ನು ಹೀಗೆ ಕೇಳಲು ಕಲ್ಲೆದೆ ಬೇಕು. “ನನ್ನ ಕಣ್ಣೆದುರಿಗೆ ಇದ್ರೆ ಸಾಕು” ಅಂದರು. ಹಾಗೆ ಬರೆದರೆ ಸ್ನಾನಕ್ಕೆ ಹೋದರೂ ಎದುರಿಗೇ ಇರುತ್ತಾರೆ, ನೀವು ಪಕ್ಕಕ್ಕೆ ತಿರುಗಿದರೆ ಪಕ್ಕಕ್ಕೆ ಬಂದು ನಿಲ್ಲುತ್ತಾರೆ, ಗೋಡೆಗೆ ಮುಖ ಮಾಡಿ ಮಲಗಿದರೆ ಗೋಡೆಯಲ್ಲಿರುತ್ತಾರೆ ಎಂದೆ. ನೀಲಮ್ಮ ಸೆರಗು ಹೊದ್ದುಕೊಂಡರು. ಬದುಕಿಸಿಕೊಡಿ ಎಂದು ಮಾತ್ರ ಅವರು ಒಂದು ಸಲವೂ ಕೇಳಲಿಲ್ಲ. “ಅವ್ರ ಸಂಕಟ ನೋಡಿದೀನಿ, ಮತ್ತೆ ಅದು ಬೇಡ” ಅಂದರು. ಮಧ್ಯಾಹ್ನ ಊಟದ ಗಂಟೆ ಹೊಡೆಯುವ ಹೊತ್ತಿಗೆ ಅವರಾಗಿಯೇ ಸಣ್ಣ ದನಿಯಲ್ಲಿ, “ಒಂದು ಸಲ ಹೇಳಿ ಹೋಗ್ಲಿ, ಅಷ್ಟೇ” ಅಂದರು.

ನಾನು ಬರೆದೆ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ, ಮೂರನೇ ವಾರ್ಡಿನಲ್ಲಿ, ಹದಿನೇಳನೇ ಮಂಚದ ಪಕ್ಕದಲ್ಲಿ, ರುದ್ರಮುನಿಯವರು ಹೆಂಡತಿ ನೀಲಮ್ಮನವರ ಎದುರು ಒಂದೇ ಒಂದು ಸಲ ನಿಂತು, ನೋವಿಲ್ಲದೆ, ಹೇಳಿ ಹೋಗುತ್ತಾರೆ. ಆನಂತರ ಅವರ ದೇಹ ಆ ಮಂಚದ ಮೇಲಿರುತ್ತದೆ, ಮಣ್ಣಾಗುವವರೆಗೆ ಅಲುಗುವುದಿಲ್ಲ. ಮೂರು ಸಲ ಓದಿದೆ, ಎಲ್ಲೂ ಸಂದು ಬಿಟ್ಟಿಲ್ಲ ಅನ್ನಿಸಿತು. ಒಂದೇ ಜಾಗ ಬಾಕಿ. “ಏನು ಹೇಳಿ ಹೋಗ್ಬೇಕು ನೀಲಕ್ಕ? ಅದನ್ನೂ ಬರೀಬೇಕು” ಎಂದೆ. ಅವರು ನನ್ನ ಕೈ ಹಿಡಿದುಬಿಟ್ಟರು. “ಅದನ್ನ ಅವ್ರಿಗೇ ಬಿಡಿ. ಅದನ್ನೂ ನಾವೇ ಹೇಳ್ಕೊಟ್ರೆ ಅದು ನಮ್ಮ ಮಾತಾಗುತ್ತೆ, ಅವ್ರದ್ದಾಗಲ್ಲ.” ಖಾಲಿ ಜಾಗ ಬಿಡಬಾರದು ಎಂದು ನನಗೆ ಗೊತ್ತಿತ್ತು. ಅಲ್ಲಿ ನನ್ನ ವಿದ್ಯೆ ಸೋತಿತು. ಸಹಿ ಹಾಕಿಸಿಕೊಂಡು ಬುಟ್ಟಿಯಲ್ಲಿಟ್ಟೆ.

ಮಾರನೆಯ ದಿನ ಹತ್ತಕ್ಕೆ ನಾನೂ ಸಿಸ್ಟರೂ ಸಾಕ್ಷಿಗೆಂದು ಬಟ್ಟೆಯ ಅಡ್ಡತೆರೆಯ ಈಚೆ ನಿಂತಿದ್ದೆವು. ತೆರೆಯ ಕೆಳಗೆ ನೀಲಮ್ಮನ ಬಾತ ಪಾದಗಳು ಕಾಣುತ್ತಿದ್ದವು. ವಾರ್ಡಿನಲ್ಲಿ ಯಾರೂ ಕೆಮ್ಮಲಿಲ್ಲ, ನರಳಲಿಲ್ಲ. ಎರಡು ಸಲ ಗಂಟಲು ಸರಿಮಾಡಿಕೊಂಡ ಸದ್ದು. ಈ ಸಲ ಪಕ್ಕದ ವಾರ್ಡಿನಲ್ಲಲ್ಲ, ಇಲ್ಲೇ. ನೋಡನೋಡುತ್ತ ಆ ಪಾದಗಳ ಎದುರಿಗೆ ಒಂದು ಜೊತೆ ಹವಾಯಿ ಚಪ್ಪಲಿ, ಚಪ್ಪಲಿಯೊಳಗೆ ಕಾಲು. ಸಿಸ್ಟರ್ ನನ್ನ ತೋಳು ಹಿಡಿದುಕೊಂಡರು, ಅವರ ಉಗುರಿನ ಗುರುತು ಎರಡು ದಿನ ಇತ್ತು.

“ನೀಲಾ” ಅಂದಿತು ಆ ದನಿ. ಕೊಂಚ ತಡೆದು, “ಹೋಗ್ಬರ್ತೀನಿ” ಅಂದಿತು.

“ಹ್ಞೂಂ. ಹುಷಾರಾಗಿ” ಅಂದರು ನೀಲಮ್ಮ.

ತೆರೆ ಸರಿಸಿದಾಗ ಹೊದಿಕೆಯ ಕೆಳಗೆ ದೇಹವಿತ್ತು. ನೀಲಮ್ಮ ಆಗ ಅತ್ತರು, ಹನ್ನೊಂದು ದಿನದ ಅಳುವನ್ನೆಲ್ಲ ಒಟ್ಟಿಗೆ ಅತ್ತರು. ನನಗೂ ಅಳು ಬಂತು, ಮುಚ್ಚಿಡುವುದೇನು. ಸಂಜೆಯೊಳಗೆ ಊರಾಚೆಯ ರುದ್ರಭೂಮಿಯಲ್ಲಿ ಮಣ್ಣು ಮಾಡಿದರು.

ನನಗೆ ಇನ್ನೊಂದು ಕೆಲಸವಿತ್ತು. ಕೇಳಿದ್ದು ಆಯಿತು ಎಂದು ಒಪ್ಪಿಗೆ ಪತ್ರ ಬರೆದು ಅವತ್ತೇ ಕಳಿಸಬೇಕು. ಕಳಿಸದಿದ್ದರೆ ಆಗಿಲ್ಲವೆಂದುಕೊಂಡು ಮೇಲಿನವರು ಮಾರನೇ ದಿನ ಮತ್ತೆ ಮಾಡುತ್ತಾರೆ. ದಿನಾ ಹತ್ತಕ್ಕೆ ಆ ಚಪ್ಪಲಿ ಬಂದು ನಿಲ್ಲುವುದನ್ನು ನೆನೆದು ಕೂಡಲೇ ಪೆನ್ನು ತೆಗೆದೆ. ‘ಹೇಳಿ ಹೋಗುತ್ತಾರೆ’ ಎಂದು ಕೇಳಿದ ಮೇಲೆ ಏನು ಹೇಳಿದರೆಂದು ತೋರಿಸದೆ ವಿಧಿಯಿಲ್ಲ. ‘ಹೋಗಿ ಬರುತ್ತೇನೆ’ ಎಂದು ರುದ್ರಮುನಿಯವರು ಹೇಳಿ ಹೋದರು ಎಂದು ಬರೆದೆ. ಈ ಸಲ ‘ಎಂದು’ ಮರೆಯಲಿಲ್ಲ, ಆಡಿದವರ ಹೆಸರೂ ಹಾಕಿದೆ. ಮನೆಯಿಂದ ಹೊರಡುವವರು ಯಾರಾದರೂ ‘ಹೋಗ್ತೀನಿ’ ಅನ್ನುತ್ತಾರೆಯೇ? ತರಕಾರಿಗೆ ಹೋಗುವವರೂ ಹೋಗಿಬರ್ತೀನಿ ಅನ್ನುವುದೇ. ಅದರಲ್ಲಿ ಏನಿದೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಬುಟ್ಟಿ ಕೆಳಗಿತ್ತು. ಖಾಲಿ ಇರಲಿಲ್ಲ. ತಳದಲ್ಲಿ ಬೆರಳಗಲದ ಒಂದು ಚೀಟಿ, ಚೀಟಿಯಲ್ಲಿ ಒಂದೇ ಮಾತು: ಯಾವಾಗ?

ಅಕ್ಷರ ಥೇಟ್ ನನ್ನದೇ. ‘ವ’ದ ಹೊಟ್ಟೆಯನ್ನು ನಾನು ಸ್ವಲ್ಪ ಒತ್ತಿ ಬರೆಯುತ್ತೇನೆ, ಹಾಗೇ ಒತ್ತಿತ್ತು. ಇಪ್ಪತ್ತೊಂದು ವರ್ಷ ನನ್ನ ಪತ್ರಗಳನ್ನೇ ಓದಿದವರು ಪ್ರಶ್ನೆ ಕೇಳುವುದನ್ನೂ ನನ್ನಿಂದಲೇ ಕಲಿತಿದ್ದರು. ಓಬಳಯ್ಯ ಸರ್ ಚೀಟಿ ನೋಡಿ, ಕನ್ನಡಕ ತೆಗೆದಿಟ್ಟರು. ಆಮೇಲೆ, “ಅದು ಬರೀ ಬಾಯಿಮಾತು, ಬರೋದಿಲ್ಲ ಅಂತ ಬರಿ. ಆಯಮ್ಮನ ಸಹಿ ಹಾಕಿಸ್ಕೊಂಡು ಬಾ. ಇವತ್ತು ಐದರೊಳಗೆ” ಅಂದರು.

ನೀಲಮ್ಮನ ಮನೆ ಸೈಕಲ್ ಶಾಪಿನ ಹಿಂದೆಯೇ, ಬೀದಿಯ ಕೊನೆಗೆ. ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಚೀಟಿ ಓದಿದರು. ನಾನು ಬರೆದು ತಂದಿದ್ದನ್ನೂ ಓದಿದರು. “ಅವ್ರು ಬರೋದಿಲ್ಲ ಅಂತ ನಾನು ಸಹಿ ಹಾಕ್ಬೇಕಾ?” ಅಂದರು. ಅವರು ಇನ್ನೊಂದಷ್ಟು ಕಾಯಿ ಸುಲಿದರು. ಕೈ ಒರೆಸಿಕೊಂಡರು.

“ಅವಸರ ಏನಿಲ್ಲ ಅಂತ ಬರೀರಿ” ಅಂದರು.

ನಾನು ಕೇಳಬೇಕಾಗಿದ್ದ ಪ್ರಶ್ನೆಗಳೆಲ್ಲ ಸಾಲಾಗಿ ನಾಲಿಗೆಯ ತುದಿಗೆ ಬಂದವು. ಎಂಥ ರೂಪದಲ್ಲಿ? ಎಷ್ಟು ದಿನಕ್ಕೆ? ನೀವು ಇಲ್ಲದಿದ್ದರೆ? ಒಂದನ್ನೂ ಕೇಳಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅದೇ ಮೊದಲು. ನಾನು ತಂದಿದ್ದ ಹಾಳೆಯನ್ನು ಹರಿದು, ಅವರು ಆಡಿದ್ದನ್ನು ಆಡಿದ ಹಾಗೇ ಬರೆದೆ, ಅವರು ಸಹಿ ಹಾಕಿದರು. ಐದಕ್ಕೆ ಬುಟ್ಟಿ ಮೇಲೆ ಹೋಯಿತು, ಬೆಳಿಗ್ಗೆ ಖಾಲಿ ಬಂತು.

ಇದಾಗಿ ಎರಡು ವರ್ಷವಾಯಿತು. ಮೊದಲ ಆರು ತಿಂಗಳು ಏನೂ ಇಲ್ಲ. ಆಮೇಲೊಂದು ದಿನ ರುದ್ರಭೂಮಿಯ ಗೇಟಿನ ಹತ್ತಿರ ಯಾರೋ ಗಂಟಲು ಸರಿಮಾಡಿಕೊಂಡರು ಎಂದು ಹೂವಿನವಳು ಹೇಳಿದಳು. ಹೋದ ಯುಗಾದಿಗೆ ಹಿಟ್ಟಿನ ಗಿರಣಿಯ ಹತ್ತಿರ. ಗಿರಣಿಯವನು ದಿನಾ ನಾಲ್ಕು ಗಂಟೆಗೆ ಒಂದು ನಿಮಿಷ ಮಿಷನ್ ನಿಲ್ಲಿಸುತ್ತಿದ್ದ, ಚಪ್ಪಲಿಯ ಸದ್ದು ದಾಟಿಹೋಗಲಿ ಎಂದು. ಬರುಬರುತ್ತ ಬೀದಿಯವರು ಆ ಕಡೆ ಸ್ಕೂಟರ್ ನಿಲ್ಲಿಸುವುದನ್ನು ಬಿಟ್ಟರು. ದಿನಕ್ಕೆ ಒಂದು ಹೆಜ್ಜೆಯೋ ಎರಡು ಹೆಜ್ಜೆಯೋ, ಅವಸರ ಏನಿಲ್ಲವಲ್ಲ. ಈ ತಿಂಗಳು ನೀಲಕ್ಕನ ಬೀದಿಯ ಮೂಲೆಯ ಅಂಚೆ ಡಬ್ಬದ ಹತ್ತಿರ ಅಂತ ಸುದ್ದಿ.

ನಾನು ವಾರಕ್ಕೊಮ್ಮೆ ನೀಲಕ್ಕನನ್ನು ನೋಡಿಕೊಂಡು ಬರುತ್ತೇನೆ. ಪೆನ್ನು ಒಯ್ಯುವುದಿಲ್ಲ. ಮೊನ್ನೆ ಹೋದಾಗ ಬಾಗಿಲ ಪಕ್ಕ ಹೊಸ ಹವಾಯಿ ಚಪ್ಪಲಿ ಒಂದು ಜೊತೆ ಇತ್ತು, ಬಟ್ಟೆಯಲ್ಲಿ ಧೂಳು ಒರೆಸಿದ್ದರು. ಅವರು ಎದೆಮಟ್ಟದ ಆ ಒಲೆಯ ಮೇಲೆ ಟೀಗೆ ಇಟ್ಟು, ನನ್ನ ಕಡೆ ಬೆನ್ನು ಮಾಡಿ ನಿಂತೇ ಕೇಳಿದರು.

“ಎಲ್ಲೀವರೆಗೆ ಬಂದ್ರಂತೆ ಮೇಡಮ್ಮಾರೆ?”

“ಇಲ್ಲೇ ಎಲ್ಲೋ ಇರ್ಬೇಕು ನೀಲಕ್ಕ” ಎಂದೆ. ಬಾಯಿ ಜಾರಿದ್ದು ಆಮೇಲೆ ತಿಳಿಯಿತು. ನೀಲಕ್ಕ ನಕ್ಕರು. ಅಷ್ಟರಲ್ಲಿ ಹೊರಗೆ, ಹತ್ತಿರವೂ ಅಲ್ಲ, ದೂರವೂ ಅಲ್ಲ, ಯಾರೋ ಎರಡು ಸಲ ಗಂಟಲು ಸರಿಮಾಡಿಕೊಂಡರು. ನೀಲಕ್ಕ ತಿರುಗಿ ನೋಡಲಿಲ್ಲ. ಕೊಡಕ್ಕೆ ಕೈ ಹಾಕಿ, ಟೀಗೆ ಇನ್ನೊಂದು ಲೋಟ ನೀರು ಹಾಕಿದರು.